ರಾಮಕ್ಕ ಹೊತ್ತಿಗೆ ಸರಿಯಾಗಿ ಬಂದ ದಿನ

ಕೆಲಮಂಗಲದಿಂದ ಒಂದು ಹರದಾರಿ ಆಚೆ ಜಿಲ್ಲಾ ಬೋರ್ಡಿನವರು ಕಟ್ಟಿಸಿದ ಸಣ್ಣ ಆಸ್ಪತ್ರೆಯೊಂದಿತ್ತು. ಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ, ಹಿಂದೆ ನೀರು ಕಾಯಿಸುವುದಕ್ಕೆ ಒಂದು ಸೋಗೆ ಚಪ್ಪರ. ನಲವತ್ತಮೂರರಲ್ಲಿ ನಾನು ಚಳವಳಿಯ ಜೈಲುವಾಸ ಮುಗಿಸಿ ಹೊರಗೆ ಬಂದಾಗ ಎಡಗಾಲಿಗೆ ಬಿದ್ದಿದ್ದ ಲಾಠಿ ಏಟು ಕೀವುಗಟ್ಟಿ ನಾರುತ್ತಿತ್ತು. ದಿನ ಬಿಡದೆ ಕಟ್ಟು ಬದಲಾಯಿಸಬೇಕು ಅಂದರು. ಹಾಗಾಗಿ ಆ ಜಗಲಿಯ ಮೇಲೆ ಕಾಲು ಚಾಚಿ ಕಾಯುವುದೇ ಆಗ ನನ್ನ ಉದ್ಯೋಗವಾಗಿತ್ತು. ಡಾಕ್ಟರು ಹೊತ್ತಿಗೆ ಮುಂಚೆಯೇ ಬಂದು ಕೂತಿರುತ್ತಿದ್ದರು. ನಾವೆಲ್ಲ ಕಾಯುತ್ತಿದ್ದದ್ದು ಆಯಾ ರಾಮಕ್ಕನಿಗೆ.

ಅವಳು ಬಂದು ಒಲೆ ಹಚ್ಚಬೇಕು, ನೀರು ಮರಳಬೇಕು, ಕತ್ತರಿ ಚಿಮಟಗಳು ಅದರಲ್ಲಿ ಬೇಯಬೇಕು, ಆಮೇಲೆ ಕೆಲಸ. ಹೆಂಗಸರ ವಿಷಯದಲ್ಲಂತೂ ಅವಳಿಲ್ಲದೆ ಹುಲ್ಲುಕಡ್ಡಿ ಅಲ್ಲಾಡುತ್ತಿರಲಿಲ್ಲ. ಗಂಡಸು ಡಾಕ್ಟರು ಮೈಮುಟ್ಟಿ ನೋಡಬೇಕಾದರೆ ಪಕ್ಕದಲ್ಲಿ ರಾಮಕ್ಕ ಕೈ ಹಿಡಿದು ನಿಂತಿರಬೇಕು. ಇಲ್ಲದಿದ್ದರೆ ಸೆರಗು ಬಿಗಿದುಕೊಂಡು ಎದ್ದು ಹೋಗಿಬಿಡುತ್ತಿದ್ದರು.

ಎಂಟು ಗಂಟೆಗೆ ಬಾಗಿಲು ತೆಗೆದರೆ ಅವಳು ಬರುತ್ತಿದ್ದದ್ದು ಬಿಸಿಲು ಜಗಲಿಯ ಅರ್ಧಕ್ಕೆ ಬಂದ ಮೇಲೆ. ಒಂದು ದಿನ ಎರಡು ದಿನದ ಮಾತಲ್ಲ. ತಿಂಗಳುಗಟ್ಟಲೆ ನೋಡಿದ್ದೇನೆ. ಸೀರೆಯ ಅಂಚಿನ ತುಂಬ ಉತ್ತರಾಣಿ ಮುಳ್ಳು, ಕಾಲಿಗೆ ಕೆಸರು, ಮುಖ ತಗ್ಗಿಸಿ ಗೋಡೆ ಪಕ್ಕದಲ್ಲೇ ಸರಿದು ಹಿಂದಕ್ಕೆ ಹೋಗುವಳು. ಜಗಲಿಯ ಮೇಲೆ ಕೂತವರು ಸುಮ್ಮನಿರುತ್ತಾರೆಯೇ? ಕೆಮ್ಮಿನ ಔಷಧಕ್ಕೆ ಬರುತ್ತಿದ್ದ ಮುದುಕನೊಬ್ಬ ದಿನವೂ ಅದನ್ನೇ ಅನ್ನುತ್ತಿದ್ದ: “ಕೋಳಿ ಕೂಗ್ದಿದ್ರೂ ಬೆಳಗಾಯ್ತದೆ ಕಣ್ರಪ್ಪ, ರಾಮಕ್ಕ ಬರ್ದಿದ್ರೆ ಇಲ್ಲಿ ಬೆಳಗಾಗಾಕಿಲ್ಲ.”

ನಗುವ ಮಾತೇ. ಆದರೆ ಒಂದು ದಿನ ಎದೆ ಬಾವು ಬಂದ ಬಾಣಂತಿಯೊಬ್ಬಳು ಬಂದು ಕೂತಳು. ಹಾಲು ಕಟ್ಟಿ, ಕೀವಾಗಿ, ಜ್ವರದಲ್ಲಿ ಹಲ್ಲು ಕಡಿಯುತ್ತಿದ್ದಳು. ಡಾಕ್ಟರು ಕರೆದರೆ ಒಳಗೆ ಹೋಗಲೊಲ್ಲಳು. ರಾಮಕ್ಕ ಬರುವವರೆಗೆ ಅವಳು ಕಂಬಕ್ಕೆ ತಲೆ ಒರಗಿಸಿ ಮುಲುಗುತ್ತಿದ್ದದ್ದನ್ನು ನಾವು ಗಂಡಸರೆಲ್ಲ ಕೇಳಿಕೊಂಡು ಕೂತಿದ್ದೆವು. ಅವತ್ತು ಯಾರೂ ನಗಲಿಲ್ಲ.

ಡಾಕ್ಟರು ಚಿನ್ನಸ್ವಾಮಿ ಅಂತ, ಸೇಲಂ ಕಡೆಯವರು. ಇನ್ನೂ ಎಳೆ ವಯಸ್ಸು, ನಮ್ಮ ಭಾಷೆಯನ್ನು ತಮಿಳಿನಲ್ಲಿ ಅದ್ದಿ ಮಾತಾಡುವರು. ಕೆಟ್ಟ ಮನುಷ್ಯನಲ್ಲ. ಮೊದಲು ಮೆಲ್ಲಗೆ ಹೇಳಿದರು, ಆಮೇಲೆ ಗದರಿದರು. ಒಂದು ದಿನ ಎಲ್ಲರೆದುರು ಹೊರಗೆ ನಿಲ್ಲಿಸಿದರು. ಯಾವುದಕ್ಕೂ ಅವಳ ಬಾಯಲ್ಲಿ ಒಂದೇ ಉತ್ತರ: ದಾರೀಲಿ ತಡ ಆಯ್ತು. ಹಾಗಾದರೆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲೇ ಇದ್ದುಬಿಡು ಅಂದರು. ಅದಕ್ಕೆ ಅವಳ ತಮ್ಮ ಮುನಿಶಾಮಪ್ಪ ಬಂದು, ಗಂಡ ಇಲ್ಲದ ಹೆಂಗಸು ಮನೆ ಬಿಟ್ಟು ಮಲಗಿದರೆ ನಾಳೆ ನನ್ನ ಮಗಳನ್ನು ಯಾರು ತಗೋತಾರೆ ಅಂತ ಕೇಳಿ ಹೋದ. ಅಲ್ಲಿಗೆ ಅದೂ ಮುಗಿಯಿತು.

ರಾಮಕ್ಕನ ಊರು ಹೊಂಗೆದೊಡ್ಡಿ. ಆಸ್ಪತ್ರೆಯಿಂದ ದೂರವೇನಿಲ್ಲ, ನೇರ ಗಾಡಿ ದಾರಿ. ನನ್ನ ಊರು ಅದರ ಪಕ್ಕದ್ದೇ. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಅವಳು ತಮ್ಮನ ಮನೆ ಸೇರಿದ್ದಳು. ಇಲಿ ಬಿದ್ದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, ಗಡ್ಡೆ ಕಟ್ಟಿ ಬಿದ್ದವರ ಹತ್ತಿರ ಹೆತ್ತವರೇ ಸುಳಿಯದಿದ್ದಾಗ, ಇವಳು ಹೋಗಿ ಗಂಜಿ ಕುಡಿಸಿದ್ದಳು. ಅದನ್ನು ನೋಡಿದ ಹಿಂದಿನ ಡಾಕ್ಟರು ಕರೆದು ಕೆಲಸ ಕೊಟ್ಟರು. ಆ ಕೆಲಸವೊಂದು ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ಏನೂ ಇರಲಿಲ್ಲ. ಊರಿನಲ್ಲಿ ಅವಳು ಮುಂಡೆ. ನಾದಿನಿಯ ಬಾಯಲ್ಲಿ ಅದೇ ಹೆಸರು. ಹಬ್ಬದ ದಿನ ಹಿತ್ತಲಲ್ಲಿ ಕೂತಿರಬೇಕು, ಮದುವೆ ಮನೆಯಲ್ಲಿ ಬೂದಿ ಗುಂಡಿಯ ಹತ್ತಿರ ಪಾತ್ರೆ ಉಜ್ಜಬೇಕು. ಆಸ್ಪತ್ರೆಯೊಳಗೆ ಅದೇ ಊರಿನ ಮುತ್ತೈದೆಯರು ‘ರಾಮಕ್ಕಾ, ಕೈ ಬುಡಬ್ಯಾಡ ಕಣೆ’ ಅಂತ ಅವಳ ಬರಿಗೈ ಹಿಡಿದು ಅಳುತ್ತಿದ್ದರು.

ನಾನೊಂದು ದಿನ ಕಾಲು ನೋವು ತಾಳಲಾರದೆ ಬೇಗನೆ ಹೊರಟೆ. ಹೊಂಗೆದೊಡ್ಡಿ ದಾಟಿ ಸ್ವಲ್ಪ ಮುಂದೆ ಬಂದರೆ, ದಾರಿಯ ಬದಿ ಲಂಟಾನ ಪೊದೆಯ ಹಿಂದೆ ರಾಮಕ್ಕ ನಿಂತಿದ್ದಾಳೆ. ದಾರಿಗೆ ಬೆನ್ನು, ಪೊದೆಗೆ ಮುಖ, ತಲೆ ತುಂಬ ಸೆರಗು. ಸಂತೆಗೆ ಹೋಗುವ ಗಾಡಿಗಳು ಒಂದರ ಹಿಂದೊಂದು ಬರುತ್ತಿದ್ದವು. ಅವೆಲ್ಲ ಕಣ್ಮರೆಯಾಗುವವರೆಗೆ ಅವಳು ಅಲುಗಲಿಲ್ಲ. ಈಚೆ ಬಂದು ಹತ್ತು ಮಾರು ನಡೆದಳೋ ಇಲ್ಲವೋ, ನೊಗ ಹೊತ್ತುಕೊಂಡು ಎತ್ತು ಹೊಡೆದುಕೊಂಡು ಒಬ್ಬ ಉಳುಮೆಗೆ ಬಂದ. ಮತ್ತೆ ಪೊದೆ. ಅವನ ಹಿಂದೆ ಹೆಣ್ಣು ನೋಡಲು ಹೊರಟ ನಾಲ್ಕು ಜನ. ಮತ್ತೆ ಪೊದೆ.

ನನಗೆ ಗೊತ್ತಾಯಿತು. ಕೆಲಸಕ್ಕೆ ಹೊರಟವನಿಗೆ ಎದುರು ವಿಧವೆ ಬಂದರೆ ಕೆಲಸ ಕೆಟ್ಟಿತು ಅಂತ ನಮ್ಮ ಜನ. ಹಾಗೆ ಬಂದರೆ ಎತ್ತು ತಿರುಗಿಸಿಕೊಂಡು ಮನೆಗೆ ಹೋಗಿ, ಜಗಲಿ ಮೇಲೆ ಕೂತು, ನೀರು ಕುಡಿದು, ಮೊದಲಿನಿಂದ ಹೊರಡಬೇಕು. ಹಾಗೆ ಒಬ್ಬೊಬ್ಬರೂ ವಾಪಸಾದರೆ ಸಂಜೆ ಮುನಿಶಾಮಪ್ಪನ ಮನೆ ಮುಂದೆ ಬೈಗುಳ. ಇನ್ನೂ ಬೇಗ ಹೊರಡೋಣವೆಂದರೆ ಅದು ಇದಕ್ಕಿಂತ ಕೆಟ್ಟದ್ದು. ಎದ್ದವನು ಕಾಣುವ ಮೊದಲ ಮುಖವೇ ಅವಳದಾಗುತ್ತಿತ್ತು. ಕೆರೆಯ ಹಿಂದಿನ ಕೊರಕಲಿನಲ್ಲಿ ಸುತ್ತಿ ಬರುವುದು ಇನ್ನೊಂದು ದಾರಿ, ಮುಳ್ಳು, ಕೆಸರು. ಹೇಗೆ ಬಂದರೂ ತಡ.

ಇದನ್ನು ಡಾಕ್ಟರಿಗೆ ಹೇಳಬಾರದೇ ಅಂತ ಕೇಳಿದೆ. ಅವಳು ಮುಳ್ಳು ಕೀಳುತ್ತಲೇ ಮಾತಾಡಿದಳು.

“ಏನಂತ ಹೇಳಲಣ್ಣ? ನನ್ನ ಮಕ ಕಂಡ್ರೆ ಕೆಟ್ಟದಾಯ್ತದೆ ಅಂತ ನನ್ನ ಬಾಯಾಗೇ ಹೇಳ್ಲಾ? ಆಸ್ಪತ್ರೆ ಒಳಿಕ್ಕೆ ಬಂದ ಮ್ಯಾಲೆ ಯಾರ್ಗೂ ಅದು ಗ್ಯಾಪ್ಕ ಇರಾಕಿಲ್ಲ. ನಾನ್ಯಾಕೆ ಗ್ಯಾಪ್ಕ ಮಾಡ್ಲಿ? ಒಂದ್ ಕಿತ ಅವ್ರ ತಲೆಗ್ ಹೊಕ್ರೆ ಯಾವ ಬಸುರಿ ನನ್ ಕೈ ಮುಟ್ಟಿಸ್ಕತಾಳೆ? ಲೇಟಾತು ಅಂತ ಬೈಸ್ಕಳಾದೇ ವಾಸಿ.”

ನಾನು ಚಳವಳಿ ಭಾಷೆಯಲ್ಲಿ ಏನೋ ಹೇಳಹೊರಟೆ. ಅವಳು ಕೇಳಿಸಿಕೊಳ್ಳದೆ ಮುಂದೆ ನಡೆದಳು. ನಾವು ಸಾಮ್ರಾಜ್ಯವನ್ನೇ ಬಿಟ್ಟು ತೊಲಗು ಅಂದವರು. ಆ ಗಾಡಿ ದಾರಿಯಲ್ಲಿ ಒಬ್ಬ ಹೆಂಗಸು ಪೊದೆಗೆ ಮುಖ ಮಾಡಿ ನಿಲ್ಲುತ್ತಿದ್ದದ್ದು ನಮ್ಮ ಯಾವ ಸಭೆಯ ಬಾಯಿಗೂ ಬಂದಿರಲಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಕಂಪೌಂಡರ್ ಗೋಪಾಲಪ್ಪನಿಂದ. ಅವನಿಗೆ ಅದು ಗುಟ್ಟು ಅಂತಲೇ ಅನ್ನಿಸಿರಲಿಲ್ಲ. ಡಾಕ್ಟರು ಆಯಾಳನ್ನು ಬದಲಾಯಿಸಬೇಕು ಅಂತ ರೇಗುತ್ತಿದ್ದಾಗ ಅವನು ಔಷಧ ಅಳೆಯುತ್ತ, ಆಕಾಶ ಮೇಲಿದೆ ಅನ್ನುವಷ್ಟು ಸಲೀಸಾಗಿ ಹೇಳಿದ: “ಅವ್ಳು ಗಂಡ ಸತ್ತೋಳಲ್ವಾ ಸಾರ್. ಗಾಡಿ ಎತ್ತು ಎಲ್ಲಾ ಹೋಗಗಂಟ ನಿಂತ್ಕಂಡೇ ಬರ್ಬೇಕಲ್ಲ.”

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖ ಕೆಂಪಾಯಿತು. ರಾಮಕ್ಕನನ್ನು ಕರೆದರು. ಇಷ್ಟು ದಿನ ಇದಕ್ಕೋಸ್ಕರವೇ ನನ್ನ ರೋಗಿಗಳನ್ನು ಸಾಯಿಸಿದೆಯಾ ಅಂತ ಕೇಳಿದರು. ನಾಳೆಯಿಂದ ಗಾಡಿ ದಾರಿಯ ನಡುಮಧ್ಯೆ ನಡೆದು ಬಾ, ಯಾರಿಗೂ ಸರಿಯಬೇಡ, ಕೇಳಿದವರಿಗೆ ನನ್ನ ಹೆಸರು ಹೇಳು ಅಂದರು. ರಾಮಕ್ಕ ಕೈ ಜೋಡಿಸಿದಳು. ಬ್ಯಾಡ ಸಾರ್ ಅಂದಳು. ನಾನು ಇನ್ನೊಂದು ದಾರಿ ಹುಡುಕುತ್ತೇನೆ ಅಂದಳು.

“ಪಾರ್ ಅಮ್ಮಾ, ನೋಡು ಇಲ್ಲಿ,” ಅಂದರು ಡಾಕ್ಟರು, “ಕಾಡಲ್ಲಿ ಅವಿತುಕೊಳ್ಳೋಕೆ ಬೋರ್ಡ್ ನಿನಗೆ ಸಂಬಳ ಕೊಡಲ್ಲ. ಇನ್ನೊಂದು ದಿನ ತಡ ಆದ್ರೆ ನೀನು ಬರೋದೇ ಬೇಡ. ಬೇರೆ ಆಯಾ ರೆಡಿ ಇದ್ದಾಳೆ.”

ಆ ಮಾತು ಸುಳ್ಳಾಗಿರಲಿಲ್ಲ. ಆಸ್ಪತ್ರೆಯ ಪಕ್ಕದಲ್ಲೇ ಇದ್ದ ಮಂಗಮ್ಮ ಅನ್ನುವವಳು ಆ ಕೆಲಸಕ್ಕೆ ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದಳು.

ಮರುದಿನದಿಂದ ರಾಮಕ್ಕ ಗಾಡಿ ದಾರಿಯಲ್ಲಿ ಬಂದಳು. ತಲೆ ತಗ್ಗಿಸಿಕೊಂಡೇ, ಆದರೆ ನಡುವೆ. ಮೊದಲ ದಿನ ಒಬ್ಬ ಉಗಿದು ಎತ್ತು ತಿರುಗಿಸಿದ. ಇನ್ನೊಬ್ಬ ಸಂತೆಗೆ ಒಯ್ಯುತ್ತಿದ್ದ ಮೂಟೆ ಇಳಿಸಿ ಕೂತ. ಮುನಿಶಾಮಪ್ಪನ ಮನೆಯಲ್ಲಿ ಅವಳಿಗೆ ಉಣ್ಣಲಿಕ್ಕುವುದು ನಿಂತಿತು. ಆಸ್ಪತ್ರೆಯಲ್ಲೇ ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಅಷ್ಟಾದರೂ ಎಂಟಕ್ಕೆ ಒಲೆ ಉರಿಯುತ್ತಿತ್ತು. ಬಂದ ಹೆಂಗಸರು ಕಾಯದೆ ಒಳಗೆ ಹೋಗುತ್ತಿದ್ದರು. ಡಾಕ್ಟರಿಗೆ ಹೆಮ್ಮೆ. ಕೆಮ್ಮಿನ ಮುದುಕನಿಗೆ ಅನ್ನುವುದಕ್ಕೆ ಮಾತು ಸಿಗದೆ ಬಾಯಿ ಕಟ್ಟಿತು. ಒಂದು ದಿನ ರಾಮಕ್ಕ ನನ್ನ ಕಾಲಿನ ಬಟ್ಟೆ ಬಿಚ್ಚುತ್ತ ತನ್ನಷ್ಟಕ್ಕೆ ನಕ್ಕದ್ದನ್ನು ನೋಡಿದೆ. ಸೀರೆ ಅಂಚಿನಲ್ಲಿ ಮುಳ್ಳಿರಲಿಲ್ಲ.

ಹೊಂಗೆದೊಡ್ಡಿಯ ದೊಡ್ಡ ಒಕ್ಕಲು ದೊಡ್ಡವೆಂಕಟಪ್ಪ. ಅವನ ಸೊಸೆ ಶ್ಯಾಮಲಮ್ಮ, ತಂಗಿಯ ಮಗಳೇ. ತಾಯಿ ಸತ್ತ ಕೂಸನ್ನು ತಂದು ಸಾಕಿ ಮಗನಿಗೆ ತಂದುಕೊಂಡಿದ್ದ. ಅವಳಿಗೆ ಚೊಚ್ಚಲ ಹೆರಿಗೆ. ಭಾನುವಾರ ನೋವು ಶುರುವಾಗಿ ಸೋಮವಾರ ಬೆಳಗಾದರೂ ಹೆರಲಿಲ್ಲ. ಸೂಲಗಿತ್ತಿ ಭದ್ರಮ್ಮ, ಮಗುವಿನ ಕೈ ಮುಂದೆ ಬಂದಿದೆ, ನನ್ನ ಕೈಯಲ್ಲಾಗದು, ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ಅಂದಳು. ದೊಡ್ಡವೆಂಕಟಪ್ಪ ಜನ್ಮದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಕಮಾನು ಗಾಡಿಗೆ ಹುಲ್ಲು ಹಾಸಿ ಸೊಸೆಯನ್ನು ಮಲಗಿಸಿದ. ಸೋಮವಾರ ಏಳೂವರೆಗೆ ರಾಹುಕಾಲ ಹಿಡಿಯುತ್ತದೆ, ಅದಕ್ಕೆ ಮುಂಚೆ ಊರು ದಾಟಬೇಕು ಅಂತ ಅವಸರ ಮಾಡಿದ. ಗಾಡಿ ಹೊಡೆದವನು ಅವನ ಜೀತದಾಳು ಮುತ್ತರಾಯಪ್ಪ. ದಾರಿಯಲ್ಲಿ ಆದದ್ದೆಲ್ಲ ಅವನ ಬಾಯಿಂದ ನಾನು ಕೇಳಿದ್ದು.

ಊರ ಮುಂದಿನ ಹುಣಸೆಮರದ ಹತ್ತಿರ ಓಣಿ ಗಾಡಿ ದಾರಿಗೆ ಕೂಡುತ್ತದೆ. ಗಾಡಿ ಅಲ್ಲಿಗೆ ಬಂತು, ಓಣಿಯಿಂದ ರಾಮಕ್ಕ ಬಂದಳು. ಗಾಡಿಯೊಳಗಿನ ನರಳಾಟ ಅವಳಿಗೆ ಕೇಳಿಸಿತು. ಒಂದು ಗಳಿಗೆ ನಿಂತಳಂತೆ. ಓಣಿಗೆ ಹಿಂದೆ ಸರಿಯಲು ಒಂದು ಹೆಜ್ಜೆ ಹಾಕಿದಳಂತೆ. ಆಮೇಲೆ ಏನನ್ನಿಸಿತೋ, ಆಸ್ಪತ್ರೆಗೆ ಇವರಿಗಿಂತ ಮುಂಚೆ ಸೇರಿ ನೀರು ಕಾಯಿಸಬೇಕು ಅಂದುಕೊಂಡಳೋ, ಗಾಡಿಯ ಮುಂದೆಯೇ ದಾರಿ ದಾಟಿ ದುಡುದುಡು ನಡೆದುಬಿಟ್ಟಳು.

ದೊಡ್ಡವೆಂಕಟಪ್ಪ ಮೂಗುದಾರ ಹಿಡಿದು ಎತ್ತು ನಿಲ್ಲಿಸಿದ. ಗಾಡಿ ತಿರುಗಿಸು ಅಂದ. ಮುತ್ತರಾಯಪ್ಪ ಆಸ್ಪತ್ರೆಗಲ್ವಾ ಬುದ್ಧಿ ಹೋಗ್ತಿರಾದು ಅಂತ ಮೆಲ್ಲಗೆ ಅಂದ. ಒಳಗಿಂದ ಶ್ಯಾಮಲಮ್ಮನೇ, “ಮಾವ, ನಡೀರಿ, ನಡೀರಿ” ಅಂದಳು.

“ಮುಂಡೆ ಎದುರ್ ಬಂದ್ಮ್ಯಾಲೆ ಹೆಂಗ್ ಕರ್ಕಂಡೋಗ್ಲವ್ವಾ ನಿನ್ನ?” ಅಂದನಂತೆ ದೊಡ್ಡವೆಂಕಟಪ್ಪ. “ನಿಮ್ಮವ್ವನ್ನ ಕಳ್ಕಂಡಿವ್ನಿ. ನಿನ್ನೂ ಕಳ್ಕಳ್ಳಾ?”

ಅವನು ಅತ್ತಿದ್ದನ್ನು ಮುತ್ತರಾಯಪ್ಪ ಮೊದಲ ಸಲ ನೋಡಿದ್ದು ಅಲ್ಲಿಯೇ. ಗಾಡಿ ಮನೆಗೆ ತಿರುಗಿತು. ಸೊಸೆಯನ್ನು ಇಳಿಸಿದರು, ನೀರು ಕುಡಿಸಿದರು, ದೃಷ್ಟಿ ತೆಗೆದರು. ಅಷ್ಟರಲ್ಲಿ ಏಳೂವರೆ ಆಯಿತು. ಇನ್ನು ರಾಹುಕಾಲ ಕಳೆಯದೆ ಹೊಸ್ತಿಲು ದಾಟುವಂತಿಲ್ಲ. ಕೂತರು.

ಇತ್ತ ರಾಮಕ್ಕ ಉಸಿರು ಬಿಡುತ್ತ ಬಂದಳು. ನಾನು ಜಗಲಿಯ ಮೇಲಿದ್ದೆ. ಡಾಕ್ಟರು ಆಗಷ್ಟೇ ಬೀಗ ತೆಗೆಯುತ್ತಿದ್ದರು. ನನಗಿಂತ ಮುಂಚೆ ಬಂದುಬಿಟ್ಟೆಯಲ್ಲಮ್ಮ ಅಂತ ನಕ್ಕರು. ಹೆರಿಗೆ ಕೇಸು ಹಿಂದೆಯೇ ಬರ್ತಾ ಐತೆ ಸಾರ್ ಅಂತ ಅವಳು ಒಲೆಗೆ ಓಡಿದಳು. ನೀರು ಮರಳಿತು. ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿದಳು. ಕತ್ತರಿ ಚಿಮಟಗಳು ಬೆಂದವು. ಡಾಕ್ಟರು ಕೈ ತೊಳೆದು ನಿಂತರು. ಇಬ್ಬರೂ ಬಾಗಿಲಿಗೆ ಬಂದು ದಾರಿ ನೋಡಿದರು. ಗಾಡಿ ಇಲ್ಲ. ಒಳಗೆ ಹೋದರು, ಮತ್ತೆ ಬಂದರು. ನೀರು ಆರುತ್ತಿದೆ ಅಂತ ರಾಮಕ್ಕ ಇನ್ನೊಂದು ಸೌದೆ ಒಟ್ಟಿದಳು. ಎಷ್ಟು ಹೊತ್ತಾದರೂ ದಾರಿಯಲ್ಲಿ ಧೂಳು ಏಳಲಿಲ್ಲ.

ಆಗ ಅವಳ ಮುಖ ಬದಲಾದದ್ದು ನನಗೆ ಕಂಡಿತು. ಡಾಕ್ಟರ ಹತ್ತಿರ ಹೋಗಿ ನಿಂತಳು.

“ಅವ್ರು ವಾಪಸ್ ಹೋಗವ್ರೆ ಸಾರ್. ನಾನು ಎದುರಿಗ್ ಬಂದ್ಬುಟ್ಟೆ.”

ಡಾಕ್ಟರು ಒಳಗೆ ಓಡಿದರು. ಚೀಲ ಕಟ್ಟಿ ಸೈಕಲ್ ಹತ್ತಿದರು. ಅವಳು ಹಿಂದೆ ಓಡಿದಳು. ನಾನು ಕಾಲು ಎತ್ತಿಡಲಾರದೆ ಅಲ್ಲೇ ಕೂತೆ.

ರಾಹುಕಾಲ ಮುಗಿಸಿ ಹೊರಟ ಗಾಡಿ ಅವರಿಗೆ ಅರ್ಧ ದಾರಿಯಲ್ಲಿ ಸಿಕ್ಕಿತು. ಹುಲ್ಲು ನೆನೆದು ಗಾಡಿಯ ಕೆಳಗೆ ರಕ್ತ ತೊಟ್ಟಿಕ್ಕುತ್ತಿತ್ತಂತೆ. ಡಾಕ್ಟರು ಗಾಡಿಯೊಳಗೆ ನುಗ್ಗಿದರು, ಹಿಂದೆ ಓಡಿ ಬಂದ ರಾಮಕ್ಕನನ್ನು ಕೂಗಿ ಕರೆದರು. ದೊಡ್ಡವೆಂಕಟಪ್ಪ ಕೈ ಅಡ್ಡ ಹಿಡಿದ. ಅವಳನ್ನು ಮಾತ್ರ ಮುಟ್ಟಿಸಬೇಡಿ ಸ್ವಾಮಿ ಅಂದ. ಡಾಕ್ಟರು ತಮಿಳಿನಲ್ಲಿ ಬೈದು ಅವನನ್ನು ತಳ್ಳಿದರು. ಮತ್ತೆ ಎದ್ದು ಬಂದು ಅಡ್ಡ ನಿಂತ. ಅದೂ ಬೇಕಾಗಿರಲಿಲ್ಲ. ತಾಯಿ ಆಗಲೇ ತಣ್ಣಗಾಗುತ್ತಿದ್ದಳು. ಮಗು ಮೊದಲೇ ಹೋಗಿತ್ತು. ಒಂದು ಗಂಟೆ ಮುಂಚೆ ಮೇಜಿನ ಮೇಲೆ ಸಿಕ್ಕಿದ್ದರೆ ತಾಯಿಯನ್ನಾದರೂ ಉಳಿಸುತ್ತಿದ್ದೆ ಅಂತ ಡಾಕ್ಟರು ಆಮೇಲೆ ಗೋಪಾಲಪ್ಪನ ಹತ್ತಿರ ಅಂದರಂತೆ.

ಹೊಂಗೆದೊಡ್ಡಿಯಲ್ಲಿ ಒಂದು ಬಾಯಿ ಕೂಡ ಗಾಡಿ ತಿರುಗಿಸಿದ್ದು ತಪ್ಪು ಅನ್ನಲಿಲ್ಲ. ತಿರುಗಿಸಿದ್ದಕ್ಕೇ ಆಸ್ಪತ್ರೆಯ ಪಾಲಾಗದೆ ಹೆಣವಾದರೂ ಮನೆಗೆ ಸೇರಿತು ಅಂದವರಿದ್ದರು. ಮುಂಡೆ ಮುಖ ಎರಡು ಜೀವ ನುಂಗಿತು ಅನ್ನುವ ಮಾತು ಅತ್ತ ಮತ್ತಿಗಿರಿಯವರೆಗೂ ಹೋಯಿತು. ರಾಮಕ್ಕ ಹೆದರುತ್ತಿದ್ದದ್ದು ಅಲ್ಲಿಗೆ ಆಯಿತು. ಜನಕ್ಕೆ ಜ್ಞಾಪಕ ಬಂತು. ಅವಳ ಕೈ ಹಿಡಿದು ಅತ್ತಿದ್ದ ಹೆಂಗಸರು ಈಗ ಜಗಲಿಯ ಕೆಳಗೇ ನಿಂತು, ಅವಳು ಒಳಗಿದ್ದಾಳೆಯೇ ಅಂತ ಗೋಪಾಲಪ್ಪನನ್ನು ಕೇಳಿ ಹಿಂದಕ್ಕೆ ಹೋಗುತ್ತಿದ್ದರು. ಡಾಕ್ಟರು ಕೆಲವು ವಾರ ಹಟ ಹಿಡಿದರು, ಇದ್ದರೆ ಅವಳೇ ಇರುತ್ತಾಳೆ ಅಂದರು. ಹೆರಿಗೆಗೆ ಒಬ್ಬರೂ ಬರಲಿಲ್ಲ. ಜ್ವರಕ್ಕೂ ಬರಲಿಲ್ಲ. ಮನೆಯಲ್ಲೇ ಇಬ್ಬರು ಸತ್ತರು ಅಂತ ಸುದ್ದಿ ಬಂತು. ಆಗ ಅವರ ಹಟ ಮುರಿಯಿತು.

ನಾನು ಅವತ್ತೂ ಜಗಲಿಯ ಮೇಲಿದ್ದೆ. ಡಾಕ್ಟರು ಬಾಗಿಲಲ್ಲಿ ನಿಂತು, ನನಗೆ ಬೇರೆ ದಾರಿ ಇಲ್ಲಮ್ಮ ಅಂದರು. ರಾಮಕ್ಕ ತಲೆಯಾಡಿಸಿದಳು.

“ಬೋರ್ಡ್‌ಗೆ ಏನಂತ ಬರುದ್ರಿ ಸಾರ್?”

ಡಾಕ್ಟರು ನೆಲ ನೋಡಿದರು. ವಿಧವೆ ಅಂತ ಕೆಲಸದಿಂದ ತೆಗೆಯುವುದಕ್ಕೆ ಬೋರ್ಡಿನಲ್ಲಿ ಕಾನೂನಿರಲಿಲ್ಲ. “ತಡವಾಗಿ ಬರ್ತಾಳೆ ಅಂತ.”

“ಸರಿ ಬುಡಿ. ಅದು ಸುಳ್ಳಲ್ವಲ್ಲ.”

ಒಲೆಯ ಬೂದಿ ತೆಗೆದು, ಒಗೆದ ಬಟ್ಟೆ ಮಡಿಸಿಟ್ಟು ಹೋದಳು. ದಾರಿಯವರೆಗೆ ನಾನು ಕುಂಟಿಕೊಂಡು ಜೊತೆಗೆ ಬಂದೆ. ಅದು ನಿನ್ನ ತಪ್ಪಲ್ಲ, ಗಾಡಿ ತಿರುಗಿಸಿದವನ ತಪ್ಪು ಅಂದೆ. ಅವಳು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದಳು.

“ಅವತ್ತು ನಾನು ಮೊದ್ಲಿನಂಗೆ ಲೇಟಾಗಿ ಬಂದಿದ್ರೆ ಆ ಹುಡ್ಗಿ ಬದುಕ್ತಿದ್ಲಣ್ಣ. ಇದ್ರಾಗೆ ಸುಳ್ಳೇನೈತೆ ಹೇಳು.”

ಭಾಷಣ ಮಾಡಿ ಪಳಗಿದ ಬಾಯಿ ನನ್ನದು. ಕುಂಟುತ್ತ ಜಗಲಿಗೆ ವಾಪಸಾದೆ.

ತಮ್ಮನ ಮನೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿ ಕೂಲಿ ಮಾಡಿದಳು. ಕೂಲಿಗೂ ಬಿತ್ತನೆಗೆ ಕರೆಯುತ್ತಿರಲಿಲ್ಲ, ಕಣಕ್ಕೆ ಕರೆಯುತ್ತಿರಲಿಲ್ಲ. ಕಳೆ ಕೀಳುವುದಕ್ಕೆ, ಗೊಬ್ಬರ ಹೊರುವುದಕ್ಕೆ ಕರೆಯುತ್ತಿದ್ದರು. ಮೈ ಇಳಿದುಹೋಯಿತು. ನಲವತ್ತೆಂಟರ ಚಳಿಯಲ್ಲಿ ಕೊಟ್ಟಿಗೆಯಲ್ಲೇ ತೀರಿಕೊಂಡಳು. ಹೆಣ ಎತ್ತಲು ಹೋದ ನಾಲ್ಕು ಜನರಲ್ಲಿ ನಾನೊಬ್ಬ, ಮುತ್ತರಾಯಪ್ಪ ಒಬ್ಬ.

ಅದಕ್ಕೆ ಮೊದಲು, ಸ್ವಾತಂತ್ರ್ಯ ಬಂದ ವರ್ಷ, ಮಳೆ ಬಿಟ್ಟ ಒಂದು ಬೆಳಿಗ್ಗೆ ರಾಗಿ ಹೊಲದಲ್ಲಿ ಅವಳನ್ನು ಕಂಡಿದ್ದೆ. ಸಾಲಿನ ಕೊನೆಯಲ್ಲಿ ಒಬ್ಬಳೇ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಳು. ಬದುವಿನ ಮೇಲೆ ನಿಂತು ಮಾತಾಡಿಸಿದೆ. ಕಾಲು ಹೆಂಗೈತಣ್ಣ ಅಂತ ಕೇಳಿದಳು. ವಾಸಿಯಾಗಿದೆ ಅಂದೆ. ಇನ್ನೊಂದು ಕಳೆ ಕಿತ್ತು, ನನ್ನ ಕಡೆ ನೋಡದೆಯೇ ಕೇಳಿದಳು.

“ಈಗ ಮಂಗಮ್ಮ ಅಲ್ವಾ ಆಯಾ. ಹೊತ್ಗೆ ಬತ್ತಾಳಾ?”

ಮಂಗಮ್ಮನಿಗೆ ಗಂಡನಿದ್ದ, ಹಣೆ ತುಂಬ ಕುಂಕುಮವಿತ್ತು. ಮನೆ ಆಸ್ಪತ್ರೆಯ ಗೋಡೆಗೆ ಅಂಟಿಕೊಂಡಿತ್ತು. ಮಕ್ಕಳಿಗೆ ಉಣ್ಣಿಸಿ, ಎಲೆಯಡಿಕೆ ಹಾಕಿಕೊಂಡು, ಬಿಸಿಲೇರಿದ ಮೇಲೆ ಬರುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ.

ಇಲ್ಲ ಕಣಕ್ಕ, ಅವಳೂ ತಡವೇ ಅಂದೆ.

ರಾಮಕ್ಕ ಹಿಡಿ ತುಂಬ ಕಿತ್ತ ಕಳೆಯನ್ನು ಬದುವಿನ ಮೇಲೆ ಎಸೆದು ಮುಂದಿನ ಸಾಲಿಗೆ ಸರಿದಳು.